ಲೆಫ್ಟು ಅಮ್ಮಾ, ಲೆಫ್ಟು

ನಮ್ಮಮ್ಮನಿಗೆ ಮೊಪೆಡ್ ಓಡಿಸಲು ಕಲಿಸಿದವಳು ನಾನು. ಹಾಗೆಂದು ಜಂಬ ಕೊಚ್ಚಿಕೊಳ್ಳುವ ಮುಖ ನನಗಿಲ್ಲ. ಕಲಿಸುವವರಿಗೆ ಬೇಕಾದ ತಾಳ್ಮೆ ನನ್ನಲ್ಲಿ ಒಂದು ಚಿಟಿಕೆಯೂ ಇರಲಿಲ್ಲ, ಇದ್ದದ್ದು ಬರೀ ಆತುರ. ಎರಡು ಸಾವಿರದ ಇಸವಿ ಬಂದು ಒಂದೆರಡು ವರ್ಷ ಕಳೆದಿತ್ತು. ನನಗೆ ಇಪ್ಪತ್ತಮೂರು, ಅಮ್ಮನಿಗೆ ನಲವತ್ತೈದು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಕುವೆಂಪುನಗರದಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಯ ಹಿಂದಿದ್ದ ಎರಡು ಕೋಣೆಯ ಔಟ್‌ಹೌಸಿನಲ್ಲಿ ನಾವಿಬ್ಬರೇ ಇದ್ದೆವು.

ಅಮ್ಮನ ಕೆಲಸ ಹಸುಗೂಸುಗಳಿಗೆ ನೀರು ಹಾಕುವುದು. ಬಾಣಂತಿ ಇರುವ ಮನೆಗೆ ಬೆಳಿಗ್ಗೆ ಹೋಗಿ, ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ, ಹದವಾದ ಬಿಸಿನೀರು ಹಾಕಿ, ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ, ಬಟ್ಟೆ ಸುತ್ತಿ ಮಲಗಿಸಿ ಬರಬೇಕು. ಮೂರು ತಿಂಗಳು, ಕೆಲವರ ಮನೆಯಲ್ಲಿ ಐದು ತಿಂಗಳು. ಅಮ್ಮನ ಕೈಗುಣ ಚೆನ್ನಾಗಿದೆ ಎಂದು ಬಾಯಿಂದ ಬಾಯಿಗೆ ಹರಡಿ, ನಾಲ್ಕು ಮನೆ ಯಾವಾಗಲೂ ಇರುತ್ತಿದ್ದವು. ಆಗ ಎರಡು ಮನೆ ಕುವೆಂಪುನಗರದಲ್ಲೇ, ಒಂದು ಅಶೋಕಪುರಂನಲ್ಲಿ, ಇನ್ನೊಂದು ದೂರದ ಹಿನಕಲ್‌ನಲ್ಲಿ. ಮಕ್ಕಳ ಹಸಿವು, ನಿದ್ದೆ ಯಾರ ಗಡಿಯಾರವನ್ನೂ ನೋಡುವುದಿಲ್ಲ. ಹೇಳಿದ ಹೊತ್ತಿಗೆ ಹೋಗದಿದ್ದರೆ ಮನೆ ಕೈತಪ್ಪುತ್ತದೆ. ಬಸ್ಸನ್ನು ನಂಬಿ ನಾಲ್ಕು ಮನೆ ಮುಗಿಸುವುದು ಆಗದ ಮಾತು.

ಅದಕ್ಕೇ ಸೋದರಮಾವ ತನ್ನ ಹಳೇ ಮೊಪೆಡ್ ತಂದು ನಮ್ಮ ಮನೆ ಮುಂದೆ ನಿಲ್ಲಿಸಿ ಹೋದ. ಓಡಿಸುವವಳು ನಾನು. ಬಿ.ಎ. ಮುಗಿದು ಮನೆಯಲ್ಲಿ ಕೂತಿದ್ದವಳಿಗೆ ಅದೊಂದು ಕೆಲಸವಾಯಿತು. ದಿನಾ ಬೆಳಿಗ್ಗೆ ಆರಕ್ಕೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಡುವುದು, ಒಂದು ಮನೆಯ ಗೇಟಿನ ಮುಂದೆ ಇಳಿಸುವುದು, ಅವಳು ಹೊರಗೆ ಬರುವ ತನಕ ಕಾಯುವುದು. ಮತ್ತೊಂದು ಮನೆ, ಮತ್ತೆ ಕಾಯುವುದು. ಹೀಗೆ ಎರಡು ವರ್ಷ. ಕಾಯುವುದು ಎಷ್ಟು ಸುಸ್ತಿನ ಕೆಲಸ ಎಂದು ಕಾಯದವರಿಗೆ ಗೊತ್ತಿಲ್ಲ. ಒಳಗೆ ಕರೆದು ಕಾಫಿ ಕೊಡುವವರು ಇದ್ದರು. ಆದರೆ ಒಳಗೆ ಹೋದರೆ ಮದುವೆ ಯಾವಾಗ ಎಂದು ಕೇಳುತ್ತಿದ್ದರು. ಹಾಗಾಗಿ ನಾನು ಗೇಟಿನ ಹೊರಗೇ ಗಾಡಿಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದೆ. ಎದುರು ಮನೆಯ ಹೂವಿನ ಗಿಡದಲ್ಲಿ ಎಷ್ಟು ಮೊಗ್ಗಿವೆ, ಹಾಲಿನವನು ಎಷ್ಟು ಹೊತ್ತಿಗೆ ಬರುತ್ತಾನೆ, ಯಾರ ಮನೆಯ ಯಜಮಾನರು ಯಾವ ಬಣ್ಣದ ಲುಂಗಿ ಉಟ್ಟು ಪೇಪರ್ ಎತ್ತಿಕೊಳ್ಳಲು ಬರುತ್ತಾರೆ, ಎಲ್ಲ ನನಗೆ ಬಾಯಿಪಾಠ. ನನ್ನ ಕಾಲುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನನ್ನ ವಯಸ್ಸೆಲ್ಲ ಕಂಡವರ ಗೇಟಿನ ಮುಂದೆ ಸೋರಿಹೋಗುತ್ತಿದೆ ಅನ್ನಿಸಿ ಎದೆ ಉರಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ನನಗೊಂದು ಕೆಲಸ ಸಿಕ್ಕಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟ್ರಾವೆಲ್ಸ್. ಊಟಿ, ಕೊಡಗು, ಕೇರಳದ ಕಡೆಗೆ ಗಾಡಿ ಕಳಿಸುವವರು. ಕೌಂಟರಿನಲ್ಲಿ ಕೂತು ಫೋನ್ ಎತ್ತಿಕೊಳ್ಳುವ, ಬಂದವರಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುವ ಹುಡುಗಿ ಬೇಕಾಗಿತ್ತು. ಮಾಲೀಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ರಿಪೋರ್ಟಿಂಗ್ ಟೈಮ್ ಅಂದ್ರೇನಮ್ಮ?" ಎಂದು ಕೇಳಿದರು. ಗೊತ್ತಿರಲಿಲ್ಲ. "ವಯಾ ಅಂದ್ರೆ?" ಅದೊಂದು ಗೊತ್ತಿತ್ತು. ನಕ್ಕು ಒಂದು ಹಾಳೆ ಕೊಟ್ಟರು. ಪಿಕಪ್ ಪಾಯಿಂಟ್, ಡ್ರಾಪಿಂಗ್, ಡಿಪಾರ್ಚರ್, ಪುಶ್‌ಬ್ಯಾಕ್, ಸೈಟ್ ಸೀಯಿಂಗ್, ಘಾಟ್ ಸೆಕ್ಷನ್, ಹೇರ್‌ಪಿನ್ ಬೆಂಡ್, ಡೈವರ್ಷನ್, ನೈಟ್ ಹಾಲ್ಟ್. "ಇಷ್ಟು ಬಾಯಲ್ಲಿ ಹೊರಳುದ್ರೆ ಸಾಕು. ಈಗಿರೋ ಹುಡುಗಿ ಮದುವೆ ಆಗಿ ಹೋಗ್ತಾ ಇದಾಳೆ. ಎರಡು ತಿಂಗಳು ಬುಟ್ಟು ಮೊದಲನೇ ತಾರೀಖು ಬಂದ್ಬುಡಿ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಾಗಿಲು ತೆಗೀಬೇಕು."

ಏಳಕ್ಕೆ. ಅಮ್ಮ ಎರಡನೇ ಮನೆಯ ಗೇಟು ತೆಗೆಯುವ ಹೊತ್ತು ಅದು.

ಆ ಹಾಳೆಯನ್ನು ಕನ್ನಡಿಯ ಪಕ್ಕ ಅಂಟಿಸಿದೆ. ನಂಜನಗೂಡಿನಿಂದಾಚೆ ನಾನು ಹೋಗಿದ್ದು ಎರಡೇ ಸಲ, ಅದೂ ಸಾವಿಗೊಮ್ಮೆ ಮದುವೆಗೊಮ್ಮೆ. ಹಾಗಿದ್ದೂ ತಲೆ ಬಾಚಿಕೊಳ್ಳುತ್ತಾ, 'ಪ್ಲೀಸ್ ರಿಪೋರ್ಟ್ ಫಿಫ್ಟೀನ್ ಮಿನಿಟ್ಸ್ ಬಿಫೋರ್ ಡಿಪಾರ್ಚರ್' ಎಂದು ಕನ್ನಡಿಗೆ ಹೇಳುವಾಗ ನಾನೇ ಎಲ್ಲಿಗೋ ಹೊರಟುನಿಂತಂತೆ ಆಗುತ್ತಿತ್ತು. ಆ ಪದಗಳಲ್ಲಿ ಒಂದಾದರೂ ಕಾಯುವ ಪದ ಇರಲಿಲ್ಲ. ಎಲ್ಲವೂ ಓಡುವ ಪದಗಳು, ಕೊನೆಗೆ ಹಾಲ್ಟ್ ಕೂಡ ಬೆಳಗಾದರೆ ಹೊರಡಲಿಕ್ಕೇ ಇರುವಂಥದ್ದು. ಈ ಕೆಲಸ ಬಿಟ್ಟರೆ ನನಗೆ ಹುಚ್ಚು ಹಿಡಿಯುತ್ತದೆ ಎಂದು ಅಮ್ಮನಿಗೆ ಹೇಳಿಯೇಬಿಟ್ಟೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಹೋಗು. ಬೇಡ ಅಂದೋರು ಯಾರು?" ಅಂದಳು.

"ನೀನು ಎಂಗೆ ಹೋಗ್ತೀಯ?"

"ಅದನ್ನೇ ಯೋಚಿಸ್ತಾ ಇದೀನಿ ಕಣೆ. ಗಾಡಿ ಕಲ್ತ್ಕಂಡ್ರಾಯ್ತು."

ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೆ ನಗು ಬಂತು. ಸೈಕಲ್ಲನ್ನೂ ಮುಟ್ಟದವಳು ಮೊಪೆಡ್ ಕಲಿಯುತ್ತಾಳಂತೆ! ಆದರೆ ನನಗೆ ಬೇರೆ ದಾರಿ ಇರಲಿಲ್ಲ. ಎರಡು ತಿಂಗಳಲ್ಲಿ ಅಮ್ಮನ ಕೈಗೆ ಲೈಸೆನ್ಸ್ ಬಂದರೆ ನನಗೆ ಕೌಂಟರು, ಬಾರದಿದ್ದರೆ ಮತ್ತೆ ಗೇಟು. ಲೆಕ್ಕ ಅಷ್ಟೇ.

ಮೇಷ್ಟರ ಹೆಂಡತಿ ಬಂದು ನಮ್ಮನ್ನು ಹೆದರಿಸಿದರು. ಕಲಿಯುವವರ ಲೈಸೆನ್ಸ್ ಕೊಡುವ ಮೊದಲು ರಸ್ತೆಯ ಬೋರ್ಡುಗಳನ್ನೆಲ್ಲ ತೋರಿಸಿ ಇಂಗ್ಲಿಷಿನಲ್ಲೇ ಕೇಳುತ್ತಾರಂತೆ, ಇಂಗ್ಲಿಷಿನಲ್ಲೇ ಹೇಳಬೇಕಂತೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾನು ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಹರಿದು, ಹಿಂಬದಿಯಲ್ಲಿ ಚಿತ್ರ ಬರೆದು, ಕೆಳಗೆ ಕನ್ನಡದ ಅಕ್ಷರದಲ್ಲಿ ಬರೆದೆ: ನೋ ಎಂಟ್ರಿ, ಗಿವ್ ವೇ, ಯು ಟರ್ನ್, ನ್ಯಾರೋ ಬ್ರಿಡ್ಜ್, ಸ್ಪೀಡ್ ಬ್ರೇಕರ್, ಸ್ಕೂಲ್ ಅಹೆಡ್. ಅಡುಗೆಮನೆಯ ಗೋಡೆ ತುಂಬಿಹೋಯಿತು. ಅಮ್ಮ ರೊಟ್ಟಿ ತಟ್ಟುತ್ತಾ ಅವನ್ನು ಓದುತ್ತಿದ್ದಳು. ಅವಳು ಕಲಿಯುವ ರೀತಿಯೇ ಬೇರೆ. ಪ್ರತಿಯೊಂದು ಪದವನ್ನೂ ತನಗೆ ಗೊತ್ತಿರುವ ಮನೆಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದಳು. ನೋ ಎಂಟ್ರಿ ಅಂದರೆ ಬಾಣಂತಿ ಕೋಣೆ. ಗಿವ್ ವೇ ಅಂದರೆ ಬಸ್ಸಿನಲ್ಲಿ ಬಸುರಿ ಬಂದಾಗ ಎದ್ದು ನಿಲ್ಲುವುದು. ಯು ಟರ್ನ್ ಅಂದರೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು. "ಬಂದ ದಾರೀಲೇ ವಾಪಸ್ ಹೋಗೋದು ತಾನೆ?" ಎಂದು ನನ್ನತ್ತ ನೋಡಿ ನಗುತ್ತಿದ್ದಳು. ಆ ವರ್ಷ ನನ್ನನ್ನು ನೋಡಲು ಬಂದ ಮೂರು ಗಂಡುಗಳೂ ಹಾಗೇ ಹೋಗಿದ್ದವು. ನಾನು ಸಿಡುಕಿ, "ಅರ್ಥ ಬೇಡಮ್ಮ, ಪದ ಹೇಳು ಸಾಕು" ಎನ್ನುತ್ತಿದ್ದೆ.

ಕೊನೆಗೆ ಲೈಸೆನ್ಸ್ ಕಚೇರಿಯಲ್ಲಿ ಆಗಿದ್ದೇನು? ಮೇಜಿನ ಹಿಂದೆ ಕೂತಿದ್ದವರು ಬೋರ್ಡಿನ ಮೇಲೆ ಕೋಲಿಟ್ಟು, "ಇದೇನಮ್ಮ?" ಎಂದು ಅಪ್ಪಟ ಕನ್ನಡದಲ್ಲಿ ಕೇಳಿದರು. ಅಮ್ಮ ನೆಟ್ಟಗೆ ನಿಂತು, "ನ್ಯಾರೋ ಬ್ರಿಡ್ಜ್ ಸಾರ್" ಎಂದಳು. ಅವರು ತಲೆ ಎತ್ತಿ ಅಮ್ಮನನ್ನು ಒಮ್ಮೆ ನೋಡಿ, ಮುಂದಿನ ಎರಡು ಪ್ರಶ್ನೆಗಳನ್ನು ತಾವೇ ಇಂಗ್ಲಿಷಿನಲ್ಲಿ ಕೇಳಿದರು. ಹೊರಗೆ ಬಂದ ಅಮ್ಮನ ಮುಖ ಊರಗಲ ಆಗಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಹಿಂದೆ ಕೂತು ಕಂಡ ಬೋರ್ಡನ್ನೆಲ್ಲ ಓದಿ ಹೇಳುತ್ತಿದ್ದಳು. ನನಗೆ ಎರಡು ವಾರ ಕಳೆಯಿತಲ್ಲಾ ಎಂಬ ಚಡಪಡಿಕೆ.

ಗಾಡಿ ಕಲಿಯಲು ನಮಗೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಕುವೆಂಪುನಗರದ ಎರಡು ಮನೆ ಮುಗಿಸಿ ಅಶೋಕಪುರಂಗೆ ಹೋದರೆ, ಅಲ್ಲಿನ ಮಗು ಇನ್ನೂ ಎದ್ದಿರುತ್ತಿರಲಿಲ್ಲ. ಆ ಮನೆಯ ಹತ್ತಿರದ ಖಾಲಿ ಜಾಗದಲ್ಲಿ ಒಂದು ಅರಳಿಕಟ್ಟೆ ಇತ್ತು. ದುಂಡನೆಯ ಸಿಮೆಂಟು ಕಟ್ಟೆ, ನಾಲ್ಕು ನಾಗರಕಲ್ಲು, ಸುತ್ತ ಗಟ್ಟಿಮಣ್ಣಿನ ನೆಲ. ಸುತ್ತು ಹೊಡೆಯಲು ಹೇಳಿ ಮಾಡಿಸಿದ ಜಾಗ ಎಂದು ಆರಿಸಿದವಳು ನಾನೇ. ಮೊದಲ ವಾರ ಅಮ್ಮ ಎರಡು ಸಲ ಬಿದ್ದಳು. ಮೊಣಕೈ ತರಚಿಕೊಂಡು, ಎದ್ದು, ಕೈಗೆ ಏನಾಗಿದೆ ಎಂದು ಮೊದಲು ನೋಡಿಕೊಂಡಳು. ಬೆರಳು, ಅಂಗೈ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ ಮತ್ತೆ ಹತ್ತಿದಳು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗಾಡಿ ಅವಳ ಮಾತು ಕೇಳತೊಡಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ, ಕಟ್ಟೆಯ ಸುತ್ತ ಒಂದು, ಎರಡು, ಐದು, ಹತ್ತು ಸುತ್ತು! ಹೂವು ಏರಿಸಲು ಬಂದ ಹೆಂಗಸರು ನಿಂತು ನೋಡುತ್ತಿದ್ದರು. ಅಷ್ಟು ನೀಟಾಗಿ ನಾನೂ ಓಡಿಸುತ್ತಿರಲಿಲ್ಲ.

ಒಂದೇ ಒಂದು ತೊಂದರೆ. "ಲೆಫ್ಟು ಅಮ್ಮಾ, ಲೆಫ್ಟು!" ಎಂದು ನಾನು ಕೂಗಿದರೆ ಅವಳು ಗಾಡಿ ನಿಲ್ಲಿಸಿಬಿಡುತ್ತಿದ್ದಳು. ಇಲ್ಲವೇ ನೇರ ಹೋಗಿ, ದೊಡ್ಡದಾಗಿ ಬಲಕ್ಕೇ ತಿರುಗಿಸಿಕೊಂಡು ಬರುತ್ತಿದ್ದಳು. ಎಡ ಬಲ ಗೊತ್ತಿಲ್ಲವೇ ಎಂದರೆ ಗೊತ್ತಿತ್ತು. ಉಣ್ಣುವ ಕೈ ರೈಟು, ಇನ್ನೊಂದು ಲೆಫ್ಟು, ಕೇಳಿದ ತಕ್ಷಣ ಕೈ ಎತ್ತಿ ತೋರಿಸುತ್ತಿದ್ದಳು. ಊರಿನ ಸರ್ಕಲ್‌ಗಳಲ್ಲಿ ಗಾಡಿಗಳೆಲ್ಲ ಯಾವ ಕಡೆಯಿಂದ ಸುತ್ತಿಕೊಂಡು ಹೋಗುತ್ತವೆ ಎಂದು ಗಮನಿಸಿ, "ನೋಡು, ಗೌರ್ಮೆಂಟಿಗೂ ಬುದ್ಧಿ ಐತೆ" ಎಂದಿದ್ದಳು. ಯಾಕೆ ಹಾಗೆಂದಳೆಂದು ನಾನು ಕೇಳಲಿಲ್ಲ. ನನ್ನ ತಲೆಯೊಳಗೆ ಮೊದಲನೇ ತಾರೀಖು ಕುಣಿಯುತ್ತಿತ್ತು. ಹೇಗೋ ಓಡಿಸುತ್ತಾಳಲ್ಲ, ಉಳಿದದ್ದು ತಾನಾಗಿ ಬರುತ್ತದೆ ಅಂದುಕೊಂಡೆ.

ಪರೀಕ್ಷೆಯ ದಿನ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಎಂಟು ಬರೆದಿತ್ತು. ಎಂಟು ಹಾಕಬೇಕು, ಕಾಲು ನೆಲಕ್ಕೆ ತಾಗಬಾರದು. ಅಮ್ಮನ ಮುಂದಿದ್ದ ಕಾಲೇಜು ಹುಡುಗಿಯರು ಅಲ್ಲಾಡುತ್ತಾ ಮುಗಿಸಿದರು. ಅಮ್ಮನ ಸರದಿ ಬಂತು. ಮೊದಲ ಸೊನ್ನೆಯನ್ನು ಅವಳು ಬಲಕ್ಕೆ ಸುತ್ತಿದ ಚಂದಕ್ಕೆ ಇನ್‌ಸ್ಪೆಕ್ಟರೇ ಹುಬ್ಬೇರಿಸಿದರು. ನಡುವಿನ ಗಂಟಿಗೆ ಬಂದಳು. ಅಲ್ಲಿಂದ ಎರಡನೇ ಸೊನ್ನೆ ಎಡಕ್ಕೆ. ಗಾಡಿ ಎಡಕ್ಕೆ ಹೊರಳಲೇ ಇಲ್ಲ. ಹ್ಯಾಂಡಲ್ ತಿರುಗಿತು, ಮೈ ಬಾಗಲಿಲ್ಲ. ಗಾಡಿ ಗೆರೆ ದಾಟಿ ನೇರ ಹೋಗಿ ನಿಂತಿತು. ಇನ್ನೊಂದು ಅವಕಾಶ ಕೊಟ್ಟರು. ಮತ್ತೆ ಅದೇ ಜಾಗ, ಮತ್ತೆ ಅದೇ ಕತೆ, ಈ ಸಲ ಎರಡೂ ಕಾಲು ನೆಲದ ಮೇಲೆ. "ರೈಟು ಚೆನ್ನಾಗಿದೆಯಮ್ಮ, ಲೆಫ್ಟು ಕಲ್ತ್ಕೊಂಡು ಬನ್ನಿ" ಎಂದು ಅವರು ಮೆತ್ತಗೇ ಹೇಳಿದರು. ಅವರದೇನೂ ತಪ್ಪಿರಲಿಲ್ಲ.

ನಾನು ಮೆತ್ತಗೆ ಹೇಳಲಿಲ್ಲ. ಗೇಟಿನ ಹೊರಗೆ, ನಾಲ್ಕು ಜನರ ಎದುರಿಗೇ ಕೂಗಾಡಿದೆ. "ಬೇಕು ಬೇಕೂಂತಾನೇ ಮಾಡ್ದೆ ನೀನು! ನಾನು ಕೆಲಸಕ್ಕೆ ಹೋಗೋದು ನಿಂಗೆ ಇಷ್ಟ ಇಲ್ಲ. ಸಾಯೋ ತನಕ ನಿನ್ನ ಹೊತ್ಕಂಡು ತಿರುಗ್ತಾ ಇರ್ಬೇಕು ನಾನು!"

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತನ್ನು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಅಮ್ಮ ಹಿಂದೆ ಹತ್ತಿ ಕೂತಳು. ಸಾಮಾನ್ಯವಾಗಿ ನನ್ನ ಹೆಗಲು ಹಿಡಿಯುತ್ತಿದ್ದವಳು ಅವತ್ತು ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡಳು.

ಮನೆಗೆ ಬಂದು ಒಂದು ಲೋಟ ನೀರು ಕುಡಿದ ಮೇಲೆ ಅವಳೇ ಮಾತು ತೆಗೆದಳು. "ಕಟ್ಟೆ ಸುತ್ತ ಎಡಕ್ಕೆ ಎಂಗೆ ಬರ್ಲಿ ಹೇಳು? ಅಪ್ರದಕ್ಷಿಣೆ ಆಯ್ತದೆ."

ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದನ್ನೂ ಮೊಪೆಡ್ಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ. ಆರು ವಾರದಿಂದ ದಿನಕ್ಕೆ ಅರ್ಧ ಗಂಟೆ ನಮ್ಮಮ್ಮ ಗಾಡಿಯ ಮೇಲೆ ಕೂತು ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕಿದ್ದಳು. ಅವಳ ಮೈ ಅದೊಂದನ್ನೇ ಕಲಿತಿತ್ತು.

"ಮೈದಾನದಲ್ಲಿ ಯಾವ ದೇವ್ರಿತ್ತಮ್ಮ?"

"ಇರ್ಲಿಲ್ಲ. ಆದ್ರೂ ಆಗ್ಲಿಲ್ಲ." ಲೋಟವನ್ನು ಕೆಳಗಿಟ್ಟಳು. "ನಿಮ್ಮಪ್ಪನ್ನ ಮಲಗಿಸಿದ್ದಾಗ ನನ್ನ ಕೈ ಹಿಡ್ಕಂಡು ಎಡಕ್ಕೆ ಸುತ್ತುಸಿದ್ರು. ಅವತ್ತೊಂದು ದಿನ ಬುಟ್ರೆ ನಾನು ಯಾವುದರ ಸುತ್ತಾನೂ ಆ ಕಡೆಯಿಂದ ಬಂದಿಲ್ಲ. ಹೆಣ ಸುತ್ತೋ ದಾರಿ ಕಣೆ ಅದು. ಅಂಗೆ ಸುತ್ತಿ, ಅದೇ ಕೈಲಿ ಹೋಗಿ ಎಳೇಮಗೂನ ಮುಟ್ಟು ಅಂದ್ರೆ ಎಂಗೆ ಮುಟ್ಲಿ?"

ಮೂಢನಂಬಿಕೆ ಎಂದು ಬಾಯಿ ತುದಿಗೆ ಬಂದಿತ್ತು. ನನಗೆ ಅಂಥ ಮಾತು ಬೇಗ ಬರುತ್ತದೆ. ಆದರೆ ಅವಳ ಕೈಗಳನ್ನು ನೋಡಿದೆ. ಎಣ್ಣೆ, ಬಿಸಿನೀರು ಕುಡಿದು ಮೆತ್ತಗಾದ, ಯಾವ ಕಾಲದಲ್ಲೂ ಉಗುರು ಬೆಳೆಯಲು ಬಿಡದ ಕೈ. ಬಿದ್ದಾಗಲೂ ಅವಳು ಮೊದಲು ನೋಡಿಕೊಂಡದ್ದು ಆ ಕೈಯನ್ನೇ. ನನಗೆ ಮೊದಲ ಸಲ ನನ್ನ ಮೇಲೆ ಅಸಹ್ಯವಾಯಿತು.

ಟ್ರಾವೆಲ್ಸ್ ಮಾಲೀಕರ ಹತ್ತಿರ ಹೋಗಿ ಹದಿನೈದು ದಿನ ಬೇಡಿಕೊಂಡೆ. "ಹದಿನೈದಕ್ಕೆ ಹದಿನಾರಾದ್ರೆ ಬೇರೆಯವರನ್ನ ತಗೋತೀನಿ ಕಣಮ್ಮ" ಎಂದರು. ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಹೋಗಬಹುದಿತ್ತು. ಅಮ್ಮನ ಮುಂದೆ ನಾನು ಏನನ್ನೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಎರಡನೇ ದಿನ ಸಂಜೆ ಅವಳೇ, "ಕೆಲಸ ಎಲ್ಲ ಮುಗಿದ್ಮೇಲೆ ಸಂಜೆ ಹೊತ್ತು ಕಲ್ತ್ಕತೀನಿ. ಬಂದು ತಲೆಮೇಲೆ ನೀರು ಹುಯ್ಕಂಡ್ರಾಯ್ತು. ದೇವ್ರು ದಿಂಡ್ರು ಇಲ್ಲದ ಜಾಗ ನೋಡು" ಎಂದಳು.

ನಮ್ಮ ಬಡಾವಣೆಯ ಅಂಚಿನಲ್ಲಿ ಸೈಟು ಮಾಡಿ ಬಿಟ್ಟಿದ್ದ ಬಯಲಿತ್ತು. ಅಲ್ಲಿಗೆ ಹೋದೆವು. ಸುತ್ತಲು ನಡುವೆ ಏನಾದರೂ ಗುರುತು ಬೇಕಲ್ಲ, ಒಂದು ಕಲ್ಲು ತಂದಿಟ್ಟೆ. "ಕಲ್ಲು ಬೇಡ. ಯಾವ ಕಲ್ಲು ಯಾವ ದೇವ್ರಾಗಿತ್ತೋ" ಎಂದಳು. ಕಡ್ಡಿ ನೆಟ್ಟೆ, ಗಾಳಿಗೆ ಬಿತ್ತು. ನನ್ನ ಹಳೇ ಸಿಡುಕು ಎದ್ದಿತು. ನಾನೇ ಹೋಗಿ ನಡುವೆ ನಿಂತು, "ಬಾ, ನನ್ನ ಸುತ್ತ ಬಾ. ಲೆಫ್ಟು!" ಎಂದು ಕೂಗಿದೆ.

ಅಮ್ಮ ಗಾಡಿ ಆಫ್ ಮಾಡಿ ಇಳಿದಳು.

"ಈಚೆ ಬಾ ನೀನು."

"ಯಾಕೆ? ನಾನೇನು ದೇವ್ರಾ?"

"ದೇವ್ರಲ್ಲ. ಬದುಕಿದೀಯಲ್ಲ. ಈಚೆ ಬಾ ಅಂದೆ."

ನಾನು ಈಚೆ ಬಂದೆ. ಕಾಲಲ್ಲಿದ್ದ ಚಪ್ಪಲಿ ಬಿಚ್ಚಿ ನಡುವೆ ಇಟ್ಟೆ. ಚಪ್ಪಲಿಗೆ ಅವಳ ತಕರಾರಿರಲಿಲ್ಲ. ಬರಿಗಾಲಲ್ಲಿ ನೆಗ್ಗಿಲು ಮುಳ್ಳಿನ ಮೇಲೆ ನಿಂತು ಏಳು ಸಂಜೆ ನಾನು ನೋಡಿದೆ, ನಮ್ಮಮ್ಮ ನನ್ನ ಒಂದು ಜೊತೆ ಚಪ್ಪಲಿಯ ಸುತ್ತ ಎಡಕ್ಕೆ ಸುತ್ತಿದ್ದನ್ನು. ಮೊದಲ ದಿನ ಕಾಲು ಎಳೆದುಕೊಂಡು ಸುತ್ತಿದಳು. ಹಲ್ಲು ಕಚ್ಚಿರುತ್ತಿದ್ದಳು, ಕಣ್ಣು ನೆಲದ ಮೇಲೆ. ನಾಲ್ಕನೇ ದಿನ ಕಾಲು ಎತ್ತಿದಳು. ನಾನು ಆ ಏಳು ದಿನವೂ ಲೆಫ್ಟು ಎಂದು ಕೂಗಲಿಲ್ಲ. ಪ್ರತಿ ಸಂಜೆ ಮನೆಗೆ ಬಂದು ಹೊಸಿಲು ದಾಟದೆ, ಹಿಂದಿನ ಬಚ್ಚಲಿಗೆ ಹೋಗಿ ತಣ್ಣೀರನ್ನು ತಲೆಮೇಲೆ ಸುರಿದುಕೊಳ್ಳುತ್ತಿದ್ದಳು. ಶೀತವಾಗಿ ಮೂಗು ಕಟ್ಟಿತು. ಸೀನು ಬಂದರೆ ಮಕ್ಕಳಿಗೆ ತಾಗುತ್ತದೆಂದು ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಡುತ್ತಿದ್ದಳು. ಬಿಸಿನೀರು ಕಾಯಿಸಿಡುತ್ತೇನೆಂದರೆ, "ಇದಕ್ಕೆ ತಣ್ಣೀರೇ ಆಗ್ಬೇಕು, ಬುಡು" ಎಂದಳು. ನನಗಾಗಿ ಇಷ್ಟೆಲ್ಲ ಮಾಡುತ್ತಿದ್ದಾಳೆಂದು ಗೊತ್ತಿದ್ದೂ, ಬೇಡ ಬಿಡಮ್ಮ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಅನ್ನಿಸುತ್ತಿತ್ತು. ಕನ್ನಡಿಯ ಪಕ್ಕದ ಹಾಳೆ ನೋಡುತ್ತಿದ್ದೆ, ಬಾಯಿ ಕಟ್ಟುತ್ತಿತ್ತು.

ಎರಡನೇ ಪರೀಕ್ಷೆಯ ದಿನ ಅಮ್ಮ ನಾಲ್ಕು ಮನೆಗೂ ರಜ ಹೇಳಿದಳು. ಬೆಳಿಗ್ಗೆ ಎಡಕ್ಕೆ ಸುತ್ತುವ ದಿನ ಯಾರ ಮಗುವನ್ನೂ ಮುಟ್ಟುವುದಿಲ್ಲ ಎಂದು ಅವಳ ತೀರ್ಮಾನ. ಮನೆಯವರಿಗೆ ಕಾರಣ ಹೇಳಲಿಲ್ಲ, ಜ್ವರ ಅಂದಳು. ಮೈದಾನದಲ್ಲಿ ಅದೇ ಸುಣ್ಣದ ಎಂಟು. ಮೊದಲ ಸೊನ್ನೆ ಬಲಕ್ಕೆ, ನಡುವಿನ ಗಂಟು, ಆಮೇಲೆ ಎಡಕ್ಕೆ. ಗಾಡಿ ಒಂದು ಸಲ ತೊನೆಯಿತು. ನಾನು ಬೇಲಿಯ ತಂತಿ ಹಿಡಿದುಕೊಂಡು ನಿಂತಿದ್ದೆ. ಕಾಲು ಕೆಳಗೆ ಬರಲಿಲ್ಲ. ಸುತ್ತಿ ಬಂದು ನಿಲ್ಲಿಸಿದಳು. ಇನ್‌ಸ್ಪೆಕ್ಟರು ಕಾಗದದ ಮೇಲೆ ಗುರುತು ಹಾಕಿ ತಲೆಯಾಡಿಸಿದರು. ನಾನು ಓಡಿಹೋಗಿ ತಬ್ಬಿಕೊಳ್ಳಲು ಕೈ ಚಾಚಿದರೆ, "ಮುಟ್ಬೇಡ ಈಗ. ಮನೆಗೆ ಹೋಗಿ ಸ್ನಾನ ಮಾಡ್ಬೇಕು" ಎಂದು ದೂರ ಸರಿದಳು.

ಹದಿನೈದನೇ ದಿನ ಬಂತು. ಆರು ಗಂಟೆಗೆ ಅಮ್ಮ ಗಾಡಿ ಹೊರಗೆ ತೆಗೆದಳು. ನಾನು ಬೇಗ ಬೇಗ ಎಚ್ಚರಿಕೆ ಹೇಳಿದೆ: ಹಿನಕಲ್ ದಾರಿಯಲ್ಲಿ ಲಾರಿ ಬರುತ್ತವೆ, ಓವರ್‌ಟೇಕ್ ಮಾಡಬೇಡ, ಹಾರನ್ ಹೊಡಿ, ಇಂಡಿಕೇಟರ್ ಹಾಕು, ಹಾಕಿದ್ದು ತೆಗಿ. "ಗೊತ್ತು ಕಣೆ" ಎಂದು ಹೋದಳು. ಬೀದಿಯ ತಿರುವಿನಲ್ಲಿ ಸೀರೆಯ ಸೆರಗು ಕಂಡು ಮರೆಯಾಯಿತು. ನಾನು ಬಸ್ ಹಿಡಿದು ಏಳಕ್ಕೆ ಐದು ನಿಮಿಷ ಇರುವಾಗಲೇ ಟ್ರಾವೆಲ್ಸ್ ಬಾಗಿಲು ತೆಗೆದೆ.

ಎರಡು ವರ್ಷ ಕಾದ ಕುರ್ಚಿ ಅದು. ಕೂತೆ. ಫೋನ್ ಬಂತು, ಹಾಳೆಯಲ್ಲಿದ್ದ ಪದಗಳನ್ನೆಲ್ಲ ತಪ್ಪಿಲ್ಲದೆ ಹೇಳಿದೆ. ಪಿಕಪ್ ಪಾಯಿಂಟ್ ಹೇಳಿದೆ, ಡಿಪಾರ್ಚರ್ ಹೇಳಿದೆ. ಹೇಳುತ್ತಾ ಕಣ್ಣು ಗೋಡೆ ಗಡಿಯಾರದ ಮೇಲೇ. ಈಗ ಎರಡನೇ ಮನೆ. ಈಗ ಅಶೋಕಪುರಂ. ಈಗ ಅಲ್ಲಿಂದ ಹೊರಟಿರುತ್ತಾಳೆ. ಎಂಟೂವರೆಗೆ ಹಿನಕಲ್ ಮನೆ ಸೇರಿರಬೇಕು. ನನಗೆ ಕೂರಲಾಗಲಿಲ್ಲ. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ, ಮಾಲೀಕರು ಇನ್ನೂ ಬಂದಿಲ್ಲವೆಂದು ನೋಡಿಕೊಂಡು, ಆ ಮನೆಗೆ ಫೋನ್ ಮಾಡಿದೆ. ಮಗುವಿನ ಅಜ್ಜಿ ಎತ್ತಿಕೊಂಡರು.

"ಇನ್ನೂ ಬಂದಿಲ್ಲ ಕಣಮ್ಮ. ನಾವೂ ನೀರು ಕಾಯ್ಸಿಟ್ಕಂಡು ಕೂತಿದೀವಿ."

ಆಮೇಲಿನ ಹೊತ್ತು ನನಗೆ ಸರಿಯಾಗಿ ನೆನಪಿಲ್ಲ. ಊಟಿಗೆ ಹೋಗುವ ಒಂದು ಕುಟುಂಬ ಬಂದು ಕೌಂಟರಿನ ಮುಂದೆ ನಿಂತಿತ್ತು. ಅವರು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದರು. ನನ್ನ ಕಣ್ಣ ಮುಂದೆ ಹಿನಕಲ್ ದಾರಿ, ಒಂದು ಲಾರಿ, ರಸ್ತೆ ಪಕ್ಕದಲ್ಲಿ ಬಿದ್ದ ಮೊಪೆಡ್. ನಾನೇ ಅವಳನ್ನು ಅಲ್ಲಿಗೆ ತಳ್ಳಿದವಳು. ನನ್ನ ಕುರ್ಚಿಗೋಸ್ಕರ ತಳ್ಳಿದೆ. ಅವಳನ್ನು ಹೊತ್ತುಕೊಂಡು ತಿರುಗುತ್ತೇನೆ, ಸಾಯುವ ತನಕ ತಿರುಗುತ್ತೇನೆ, ಅವಳು ಸುಮ್ಮನೆ ಬಂದು ಹಿಂದೆ ಕೂತರೆ ಸಾಕು ಎಂದು ಯಾರ ಮುಂದೆಯೋ ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಒಂಬತ್ತೂಕಾಲಿಗೆ ಮತ್ತೆ ಫೋನ್ ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡಿತು.

"ಬಂದವ್ರೆ, ಬಂದವ್ರೆ!" ಅಜ್ಜಿ ಏದುಸಿರು ಬಿಡುತ್ತಿದ್ದರು. "ಅದೇ ಆ ಅಶೋಕಪುರಂ ಮನೇಲಿ ಮಗು ಏಳೋದು ಲೇಟಾಯ್ತಂತೆ. ಈಗ ಬಚ್ಚಲಲ್ಲಿ ಕೂತವ್ರೆ. ತಾಳು, ಏನೋ ಹೇಳ್ತಾವ್ರೆ."

ರಿಸೀವರ್ ಕೆಳಗಿಟ್ಟ ಸದ್ದು. ದೂರದಲ್ಲಿ ಚೊಂಬಿನಿಂದ ನೀರು ಬೀಳುತ್ತಿತ್ತು. ಅಮ್ಮ ಏನೋ ಅಂದಳು, ಮಾತು ಕೇಳಿಸಲಿಲ್ಲ, ದನಿ ಅವಳದೇ. ಅಜ್ಜಿ ವಾಪಸ್ ಬಂದರು.

"ಮಗು ಕಾಲ ಮೇಲೈತೆ, ಏಳೋಕಾಗಲ್ಲವಂತೆ. ಮನೆಗೆ ಅವ್ರೇ ಬತ್ತಾರಂತೆ ಕಣಮ್ಮ, ನಿನ್ನ ಪಾಡಿಗೆ ನೀನು ಕೆಲಸ ನೋಡ್ಬೇಕಂತೆ. ಇನ್ಮೇಲೆ ನನಗೋಸ್ಕರ ಕಾಯ್ಬೇಡ ಅಂತ ಹೇಳಿ ಅಂದ್ರು."

ಹುಟ್ಟಿದಾಗಿನಿಂದ ಅಮ್ಮ ನನಗೆ ಆ ಮಾತು ಹೇಳಿದ್ದು ಅದೇ ಮೊದಲು. ಅದಕ್ಕಾಗಿಯೇ ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದವಳು ನಾನು. ಆ ಕಡೆಯಿಂದ ಫೋನ್ ಇಟ್ಟಾಗಿತ್ತು. ಊಟಿಗೆ ಹೋಗುವವರು ಡಿಪಾರ್ಚರ್ ಎಷ್ಟು ಗಂಟೆಗೆ ಎಂದು ಮತ್ತೊಮ್ಮೆ ಕೇಳಿದರು. ನನಗೆ ರಿಸೀವರನ್ನು ಕೆಳಗಿಡಲು ಆಗಲಿಲ್ಲ.